ನಾಲ್ಕರ ಪಕ್ಕದ ಸೊನ್ನೆ

ನಾಲ್ಕರ ಪಕ್ಕ ಇದ್ದದ್ದು ಸೊನ್ನೆಯೇ ಇರಬೇಕು.

ಹಾಗಂತ ಅವಳು ಡೈರಿಯಲ್ಲಿ ಬರೆದುಕೊಂಡಳು. ಬರೆದು ಕೆಳಗೊಂದು ಗೆರೆ ಎಳೆದಳು. ಗೆರೆ ಎಳೆದರೆ ಮಾತು ಗಟ್ಟಿಯಾಗಿ ಕೂರುತ್ತದೆ ಎಂಬುದು ಅವಳ ಹಳೆಯ ನಂಬಿಕೆ. ಆದರೆ ಆವತ್ತು ಗೆರೆ ಎಳೆದ ಮೇಲೂ ಸೊನ್ನೆ ಒಂದು ಕಡೆ ಕೂರಲಿಲ್ಲ. ಒಂದು ಗಳಿಗೆ ಎರಡಾಯಿತು, ಇನ್ನೊಂದು ಗಳಿಗೆ ನಾಲ್ಕಾಯಿತು. ‘ಇಷ್ಟಕ್ಕೆಲ್ಲ ಯಾಕೆ ಹೆದರಬೇಕು, ಒಂದು ಅಂಕಿ ತಾನೆ’ ಎಂದು ಇನ್ನೊಂದು ಸಾಲು ಬರೆದಳು. ಅದರ ಕೆಳಗೆ ಗೆರೆ ಎಳೆಯುವ ಧೈರ್ಯ ಬರಲಿಲ್ಲ.

ಅವಳು ಟೈಲರ್ ಮಾಸ್ಟರ ಮಗಳು. ಡಿಗ್ರಿ ಮುಗಿಸಿ ವರ್ಷವಾಗಿತ್ತು. ಕೆಲಸಕ್ಕೆ ಅರ್ಜಿ ಹಾಕುವುದು, ಕರೆ ಬಂದರೆ ಹೋಗಿ ಬಾಯಿ ಬಿಡದೆ ವಾಪಸು ಬರುವುದು, ಇಷ್ಟೇ ಆಗಿತ್ತು. ಮನೆಯಲ್ಲಿ ಯಾವ ಸಂದಿನಲ್ಲಾದರೂ ಸದ್ದಿಲ್ಲದೆ ಹಾದುಹೋಗುತ್ತಾಳೆಂದು ಅಜ್ಜಿ ಅವಳಿಗೆ ‘ಸೂಜಿ’ ಅಂತ ಹೆಸರಿಟ್ಟಿದ್ದಳು. ಅದೇ ನಿಂತಿತ್ತು.

ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಬೀದಿ ಕಡೆ ಒಂದು ಬಾಗಿಲು, ಮನೆ ಕಡೆ ಒಂದು ಬಾಗಿಲು. ನಡುವೆ ಉದ್ದನೆಯ ಕತ್ತರಿಸೋ ಮೇಜು, ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ, ಗೋಡೆಯ ಗೂಡುಗಳಲ್ಲಿ ಗಿರಾಕಿಗಳ ಬಟ್ಟೆ. ಪ್ರತಿ ಬಟ್ಟೆಗೂ ಅಂಗೈ ಅಗಲದ ಒಂದು ಚೀಟಿ, ಗುಂಡುಸೂಜಿ ಚುಚ್ಚಿ ಸಿಕ್ಕಿಸಿದ್ದು. ಭುಜ, ತೋಳು, ಎದೆ, ಸೊಂಟ ಎಲ್ಲ ಅಪ್ಪನ ಮೊಂಡು ಪೆನ್ಸಿಲಿನ ಅಂಕಿಯಲ್ಲಿ. ಆ ಕೋಣೆಯ ಕಸವನ್ನು ಯಾರೂ ಸುಮ್ಮನೆ ಗುಡಿಸುವಂತಿಲ್ಲ. ಮೊದಲು ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಎಳೆದು ಸೂಜಿಗಳನ್ನು ಹಿಡಿಯಬೇಕು. ಗುಂಡಿಗಳನ್ನು ಆರಿಸಿ ಡಬ್ಬಿಗೆ ಹಾಕಬೇಕು. ಅಂಗೈಗಿಂತ ದೊಡ್ಡ ತುಂಡು ಬಟ್ಟೆ ಇದ್ದರೆ ಮಡಿಸಿಡಬೇಕು. ಆಮೇಲೆ ಪೊರಕೆ. ಹತ್ತು ವರ್ಷದಿಂದ ಅದು ಸೂಜಿಯ ಕೆಲಸ.

ಕಸ ಗುಡಿಸುವ ಮಷೀನು ಮನೆಗೆ ಬಂದದ್ದು ಈ ಅಂಕಿಯ ಪೇಚಿಗೆ ಎರಡು ವಾರ ಮುಂಚೆ. ತಂದವಳು ಅತ್ತಿಗೆ. ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಸಂಬಳ ಜಾಸ್ತಿಯಾದ ತಿಂಗಳು ತನಗೇನೂ ಕೊಳ್ಳದೆ, ಅತ್ತೆಯ ಮಂಡಿ ನೋವು ನೋಡಲಾರದೆ, ಒಂದು ಸಂಜೆ ದೊಡ್ಡ ಡಬ್ಬ ಹೊತ್ತು ತಂದು ನಡುಮನೆಯಲ್ಲಿ ಬಿಚ್ಚಿದಳು. ಒಳಗಿದ್ದದ್ದು ಕಪ್ಪಗೆ, ದುಂಡಗೆ, ಮೂಲೆಯಿಂದ ಮೂಲೆಗೆ ಹೊಟ್ಟೆ ಎಳೆದುಕೊಂಡು ಹೊರಟಿತು.

“ಇದೇನೇ, ಆಮೆ?” ಅಂದಳು ಅಜ್ಜಿ, ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಕೊಂಡು.

“ಕಸ ಗುಡಿಸೋ ಮಷೀನು ಅಜ್ಜಿ. ತಾನಾಗೇ ಓಡಾಡತ್ತೆ, ತಾನಾಗೇ ಗುಡಿಸತ್ತೆ, ಸುಸ್ತಾದ್ರೆ ತಾನಾಗೇ ಹೋಗಿ ಗೋಡೆಗೆ ಒರಗಿ ಚಾರ್ಜ್ ಮಾಡ್ಕೊಳತ್ತೆ.”

“ಹಾಗಾದ್ರೆ ನಿನ್ನ ಗಂಡನಿಗಿಂತ ವಾಸಿ. ಅವನು ಗೋಡೆಗೆ ಒರಗೋದು ಒಂದನ್ನ ಮಾತ್ರ ಕಲಿತಿದಾನೆ.”

ಬಸ್ ಡಿಪೋದ ಸ್ಟೋರಿನಲ್ಲಿ ದಿನವಿಡೀ ನಟ್ಟು ಬೋಲ್ಟು ಎಣಿಸಿ ಬಂದಿದ್ದ ಅಣ್ಣ ಗೋಡೆಗೆ ಒರಗಿಯೇ ನಕ್ಕ. ಅಮ್ಮ ನಗಲಿಲ್ಲ.

“ನನ್ನ ಪೊರಕೆಗೆ ಏನಾಗಿತ್ತು?” ಅಂದಳು.

“ಪೊರಕೆಗೇನೂ ಆಗಿಲ್ಲ ಅತ್ತೆ. ನಿಮ್ಮ ಮಂಡಿಗೆ ಆಗಿದೆ.”

“ನನ್ನ ಮಂಡಿ ನನ್ನ ಹತ್ರ ದೂರು ಕೊಟ್ಟಿಲ್ಲ.”

ಅಲ್ಲಿಂದ ಶುರುವಾಯಿತು. ಮಷೀನು ಮಂಚದ ಕೆಳಗೆ ಹೋಗಿ ಸಿಕ್ಕಿಕೊಂಡರೆ ಅಮ್ಮ, “ನೋಡು, ನಿನ್ನ ಕೆಲಸದವಳು ಮಲಗಿದಾಳೆ,” ಅನ್ನುವಳು. ಅಡುಗೆಮನೆಯ ಮೂಲೆಯಲ್ಲಿ ಬೇಳೆ ಕಾಳು ಉಳಿದರೆ ಬೆರಳಲ್ಲಿ ಎತ್ತಿ ತಟ್ಟೆಯ ಪಕ್ಕ ಇಡುವಳು, ಸೊಸೆಯ ಕಣ್ಣಿಗೆ ಬೀಳುವ ಹಾಗೆ. ಸೊಸೆಯೂ ಕಡಿಮೆಯಲ್ಲ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಷೀನಿನ ಕಸದ ಡಬ್ಬಿಯನ್ನು ಎಲ್ಲರೂ ಟೀ ಕುಡಿಯುವಾಗಲೇ ಬಿಚ್ಚಿ, “ನೋಡಿ, ನಿನ್ನೆ ಪೊರಕೆ ಬಿಟ್ಟಿದ್ದು ಇಷ್ಟು,” ಎಂದು ತೋರಿಸಿ ಹೋಗುವಳು. ಮಷೀನು ಆಗಾಗ ಹೆಂಗಸಿನ ದನಿಯಲ್ಲಿ ಯಾವುದೋ ಪರಭಾಷೆಯಲ್ಲಿ ಏನೋ ಹೇಳುತ್ತಿತ್ತು.

“ಏನಂತಾಳೆ ಅವಳು?” ಅಜ್ಜಿ ಕೇಳುವಳು.

“ಬ್ರಷ್ಷಿಗೆ ಕೂದಲು ಸುತ್ತಿಕೊಂಡಿದೆ ಅಂತಾಳೆ,” ಅಣ್ಣ.

“ಅಷ್ಟೇನಾ. ನಾನು ಅತ್ತೆ ಮೇಲೆ ಚಾಡಿ ಹೇಳ್ತಿದಾಳೆ ಅಂದ್ಕೊಂಡೆ.”

ಒಂದು ವಿಷಯದಲ್ಲಿ ಮಾತ್ರ ಅತ್ತೆ ಸೊಸೆ ಇಬ್ಬರದೂ ಒಂದೇ ಮಾತಿತ್ತು: ಮಷೀನು ಅಂಗಡಿ ಕೋಣೆಗೆ ಕಾಲಿಡಬಾರದು. ದಾರ, ಸೂಜಿ, ಚೀಟಿ ಎಲ್ಲ ಇರುವ ಜಾಗ. ಅತ್ತಿಗೆ ತಾನೇ ಹೊಸ್ತಿಲಿಗೆ ಅಡ್ಡ ಒಂದು ಹಲಗೆ ಇಟ್ಟಿದ್ದಳು. “ಸೂಜಿ, ಈ ಹಲಗೆ ನಿನ್ನ ಜವಾಬ್ದಾರಿ ಕಣೆ,” ಎಂದು ಅವಳಿಗೇ ಒಪ್ಪಿಸಿದ್ದಳು.

ಆ ಬೆಳಿಗ್ಗೆ ಅಪ್ಪ ದಾರದ ಉಂಡೆ ತರಲು ಹೋಗಿದ್ದರು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸೂಜಿ ಒಂದು ಅರ್ಜಿ ಬರೆಯುತ್ತ ಕೂತಿದ್ದಳು. ‘ನನ್ನ ಬಗ್ಗೆ ಹತ್ತು ಸಾಲು’ ಎಂಬ ಜಾಗದಲ್ಲಿ ಮೂರನೆಯ ಸಾಲಿಗೇ ಲೇಖನಿ ನಿಂತಿತ್ತು. ಅಂಗಡಿ ಗುಡಿಸುವುದು ಬಾಕಿ. ಬಗ್ಗಿ ಗುಂಡುಸೂಜಿ ಆರಿಸುವ ಮನಸ್ಸಿಲ್ಲ. ಒಂದೇ ಒಂದು ಸಲ ಎಂದುಕೊಂಡು ಹಲಗೆ ಎತ್ತಿ ಪಕ್ಕಕ್ಕಿಟ್ಟು, ಮಷೀನನ್ನು ಒಳಗೆ ಬಿಟ್ಟು, ಬಂದು ನಾಲ್ಕನೆಯ ಸಾಲಿಗೆ ಕೂತಳು.

ನಾಲ್ಕನೆಯ ಸಾಲು ಮುಗಿಯುವ ಮುಂಚೆ ಒಳಗಿಂದ ಗರಗರ ಸದ್ದು ಬಂತು. ಓಡಿ ಹೋಗಿ ನೋಡಿದರೆ, ಕೆಳಗಿನ ಗೂಡಿನಿಂದ ಜೋತುಬಿದ್ದಿದ್ದ ಬೂದು ಬಣ್ಣದ ಕೋಟಿನ ಬಟ್ಟೆಯ ಅಂಚಿಗೆ ಮಷೀನು ಬಾಯಿ ಹಾಕಿ ನಿಂತಿತ್ತು. ಬಟ್ಟೆಗೆ ಪುಣ್ಯಕ್ಕೆ ಏನೂ ಆಗಿರಲಿಲ್ಲ. ಚೀಟಿ ಮಾತ್ರ ಬ್ರಷ್ಷಿಗೆ ಸುತ್ತಿಕೊಂಡು, ಕೂದಲು ದಾರದ ಜೊತೆ ಹಗ್ಗದಂತೆ ಹೊಸೆದುಕೊಂಡಿತ್ತು. ಬಿಡಿಸಿದಾಗ ಮೇಲರ್ಧ ಸಿಕ್ಕಿತು: ಹೆಡ್‌ಮಾಸ್ಟರು ಎಂಬ ಹೆಸರು, ಭುಜ, ತೋಳು, ಉದ್ದ. ‘ಎದೆ’ ಎಂಬಲ್ಲಿ ಒಂದು ನಾಲ್ಕು, ಅದರ ಪಕ್ಕ ಹರಕು. ಸೊಂಟ ಪೂರ್ತಿ ಪುಡಿ.

ಅಪ್ಪನನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಗಿರಾಕಿಯನ್ನು ಇನ್ನೊಂದು ಸಲ ಕರೆಸಿ ಟೇಪು ಹಿಡಿಯುತ್ತಿದ್ದರು. ಆದರೆ ಕೇಳಿದರೆ ಹಲಗೆಯ ಮಾತು ಬರುತ್ತದೆ. ಹಲಗೆಯ ಮಾತು ಬಂದರೆ ಅಮ್ಮ, “ನಾನು ಮೊದಲ ದಿನವೇ ಹೇಳಿದ್ದೆ,” ಅನ್ನುತ್ತಾಳೆ. ಅತ್ತಿಗೆಯ ಮುಖ ಸಪ್ಪಗಾಗುತ್ತದೆ. ಅಣ್ಣ ಊಟ ಬಿಟ್ಟು ಏಳುತ್ತಾನೆ. ಅಪ್ಪ ಬರುವುದಕ್ಕೆ ಇನ್ನೇನು ಹತ್ತು ನಿಮಿಷವಿತ್ತು. ಸೂಜಿ ಹೊಸ ಚೀಟಿ ಹರಿದು, ಮೊಂಡು ಪೆನ್ಸಿಲು ತೆಗೆದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಬರೆದಳು. ಎದೆ ಎಂಬಲ್ಲಿ ಬಂದು ಸ್ವಲ್ಪ ತಡೆದು, ನಾಲ್ಕರ ಪಕ್ಕ ಸೊನ್ನೆ ಇಟ್ಟಳು. ಸೊಂಟಕ್ಕೆ ಮೂವತ್ತೆಂಟು.

ಅಕ್ಷರ ಅಪ್ಪನದೇ ಆಗಿತ್ತು. ಅದಕ್ಕವಳು ಪ್ರಯತ್ನವನ್ನೇನೂ ಪಡಲಿಲ್ಲ. ಚಿಕ್ಕಂದಿನಲ್ಲಿ ಆ ಮೇಜಿನ ಕೆಳಗೆ ಕೂತು, ಬೇಡದ ಚೀಟಿಗಳ ಮೇಲೆ ಬೆರಳಾಡಿಸಿಯೇ ಅವಳು ಅಂಕಿ ಕಲಿತದ್ದು. ಅಪ್ಪನ ನಾಲ್ಕಿಗೆ ಮೇಲೆ ಬಾಯಿ ತೆರೆದಿರುತ್ತದೆ, ಸೊನ್ನೆಗೆ ಕೊನೆಯಲ್ಲೊಂದು ಪುಟ್ಟ ಬಾಲ. ಅವಳ ನಾಲ್ಕಿಗೂ ಬಾಯಿ, ಸೊನ್ನೆಗೂ ಬಾಲ. ಶಾಲೆಯಲ್ಲಿ ಎಷ್ಟು ತಿದ್ದಿದರೂ ಹೋಗಿರಲಿಲ್ಲ.

*

ಮೂರು ದಿನ ಬಿಟ್ಟು ಅಪ್ಪ ಆ ಬೂದು ಬಟ್ಟೆ ಮೇಜಿಗೆ ಹಾಸಿದರು. ಸೂಜಿ ಕಿಟಕಿಯ ಹತ್ತಿರ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಅದೊಂದು ಒಳ್ಳೆಯ ಬಟ್ಟೆ. ಹೆಡ್‌ಮಾಸ್ಟರು ನಿವೃತ್ತರಾಗುತ್ತಾರೆಂದು ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದ್ದು. ಬೀಳ್ಕೊಡುಗೆಯ ದಿನ ಅದೇ ಕೋಟು ಹಾಕಿ ವೇದಿಕೆಗೆ ಬರಬೇಕು ಎಂದು ಅವರ ಆಸೆ.

ಅಪ್ಪ ಚೀಟಿ ನೋಡಿದರು. ಸೀಮೆಸುಣ್ಣ ಹಿಡಿದ ಕೈ ಗಾಳಿಯಲ್ಲಿ ನಿಂತಿತು.

“ಆಳು ದಪ್ಪ ಇದ್ದ ಹಾಗೆ ನೆನಪು,” ಅಂದರು, ಅರ್ಧ ತಮಗೆ, ಅರ್ಧ ಅವಳಿಗೆ. “ನಲವತ್ತು ಅಂತಿದೆ.”

ಸೂಜಿ ಗುಂಡಿಯ ತೂತಿನಲ್ಲಿ ದಾರ ಎಳೆದಳು. ಅದೇ ತೂತಿನಲ್ಲಿ ಇನ್ನೊಂದು ಸಲ ಎಳೆದಳು.

“ಅವತ್ತು ಚಳಿ ಇತ್ತಲ್ಲ, ಒಳಗೆ ಸ್ವೆಟರ್ ಹಾಕಿದ್ರೋ ಏನೋ,” ಅಂದರು ಅಪ್ಪ. “ಅದಕ್ಕೇ ದಪ್ಪ ಕಂಡಿರಬೇಕು. ಕಣ್ಣು ಸುಳ್ಳು ಹೇಳಬಹುದು, ಚೀಟಿ ಹೇಳಲ್ಲ.”

ಹೇಳುವುದಾಗಿದ್ದರೆ ಆಗ ಹೇಳಬೇಕಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಕತ್ತರಿ ಬಟ್ಟೆಯೊಳಗೆ ಇಳಿಯಿತು. ಆ ಕರಕರ ಸದ್ದು ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು. ಕತ್ತರಿಸಿದ ಬಟ್ಟೆಗೆ ಕ್ಷಮೆ ಇಲ್ಲ ಅನ್ನುವುದು ಅಪ್ಪನದೇ ಮಾತು.

ಮುಂದಿನ ವಾರ ಹೆಡ್‌ಮಾಸ್ಟರು ಟ್ರಯಲ್ಲಿಗೆ ಬಂದರು. ಅವರು ಅಪ್ಪನನ್ನು “ಮಾಸ್ಟ್ರೇ” ಅನ್ನುವುದು, ಅಪ್ಪ ಅವರನ್ನು “ಮಾಸ್ಟ್ರೇ” ಅನ್ನುವುದು. ಬಾಗಿಲ ಸಂದಿನಲ್ಲಿ ಕೂತ ಅಜ್ಜಿಗೆ ಅದೇ ತಮಾಷೆ. ಅರ್ಧ ಹೊಲಿದ ಕೋಟು ಬೆನ್ನಿಗೆ ಏರಿತು. ಮುಂದೆ ಎರಡು ಅಂಚಿನ ನಡುವೆ ಅಂಗೈ ಅಗಲ ಅಂಗಿ ಕಾಣುತ್ತಿತ್ತು. ಅಪ್ಪ ಎಳೆದರು. ಹೆಡ್‌ಮಾಸ್ಟರು ಹೊಟ್ಟೆ ಒಳಗೆಳೆದುಕೊಂಡರು. ಎಲ್ಲೋ ಕಚ್ಚಾ ಹೊಲಿಗೆ ಪಟ್ ಎಂದಿತು.

“ಒಂದು ನಿಮಿಷ ಮಾಸ್ಟ್ರೇ,” ಎಂದು ಅಪ್ಪ ಟೇಪು ಸುತ್ತಿದರು. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ನಲವತ್ತನಾಲ್ಕು.

“ನಾನೇ ದಪ್ಪ ಆಗಿರಬೇಕು ಬಿಡಿ,” ಹೆಡ್‌ಮಾಸ್ಟರು ನಕ್ಕರು. “ನಿವೃತ್ತಿ ಹತ್ರ ಬಂತು ಅಂತ ದಿನಾ ಒಬ್ಬೊಬ್ಬರ ಮನೇಲಿ ಊಟ.”

“ಎರಡು ವಾರದಲ್ಲಿ ನಾಲ್ಕು ಇಂಚು ಯಾರೂ ಊದಲ್ಲ ಮಾಸ್ಟ್ರೇ,” ಅಂದರು ಅಪ್ಪ. ಚೀಟಿ ಕೈಯಲ್ಲಿತ್ತು. “ಇದು ನನ್ನ ಅಕ್ಷರ. ನಾನೇ ಬರೆದಿದೀನಿ.”

ಅವರು ಬೈದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. “ಏನೋ ಮಾಡಿ ಕೊಡಿ, ನಿಮ್ಮ ಕೈ ಗೊತ್ತಿದೆ ನನಗೆ,” ಎಂದು ಹೋದರು. ಅಪ್ಪ ಮೂರು ದಿನ ಬಟ್ಟೆ ಅಂಗಡಿಗಳನ್ನೆಲ್ಲ ಅಲೆದರು. ಅದೇ ಬೂದು ಸಿಗಲಿಲ್ಲ. ಕೊನೆಗೆ ಎರಡೂ ಪಕ್ಕೆಗೆ ಒಂದೊಂದು ಕಡುಬಣ್ಣದ ಪಟ್ಟಿ ಕೂರಿಸಿ, ಕಾಲರಿಗೂ ಅದೇ ಬಣ್ಣ ಕೊಟ್ಟು, ಬೇಕೆಂದೇ ಮಾಡಿದ ಹಾಗೆ ಕಾಣುವಂತೆ ಹೊಲಿದರು. ಹೆಡ್‌ಮಾಸ್ಟರು ಖುಷಿಯಾಗಿ ಹಾಕಿಕೊಂಡು ಹೋದರು. ಬೀಳ್ಕೊಡುಗೆಯಲ್ಲಿ ಎಷ್ಟೋ ಜನ ಎಲ್ಲಿ ಹೊಲಿಸಿದ್ದು ಅಂತ ಕೇಳಿದರಂತೆ.

“ನೋಡು, ಒಳ್ಳೇದೇ ಆಯ್ತಲ್ಲ,” ಅಂದಳು ಅಮ್ಮ, ಅನ್ನ ಬಡಿಸುತ್ತ.

“ಅದು ಕೋಟಲ್ಲ ಕಣೆ. ತೇಪೆ,” ಅಂದರು ಅಪ್ಪ. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

*

ಅಲ್ಲಿಂದ ಮುಂದಿನ ವಾರಗಳಲ್ಲಿ ಟೇಪು ಅಪ್ಪನ ಕೈ ಬಿಡಲಿಲ್ಲ. ಅಂಗಿಗೂ ನಾಲ್ಕು ಸಲ ಅಳತೆ. ಗಿರಾಕಿ ಅಂಗಡಿಯ ಮೆಟ್ಟಿಲಿಳಿದ ಮೇಲೆ, “ಒಂದು ನಿಮಿಷ ಬನ್ನಿ,” ಎಂದು ವಾಪಸು ಕರೆದು ಮತ್ತೆ ಅಳೆಯುವರು. ಬರೆದ ಚೀಟಿಯನ್ನು ಬೆಳಕಿಗೆ ಹಿಡಿದು ತಾವೇ ಬರೆದದ್ದನ್ನು ತಾವೇ ನಂಬದೆ ನೋಡುವರು. ದಿನಕ್ಕೆ ಆಗುತ್ತಿದ್ದ ಕೆಲಸ ಮೂರು ದಿನಕ್ಕೆ ಹೋಯಿತು. ಕತ್ತರಿ ಹಿಡಿದು ನಿಂತವರು ಕೆಳಗಿಟ್ಟು ಟೀ ಕೇಳುವರು. ಟೀ ಬಂದರೆ ಆರುವ ತನಕ ಕುಡಿಯುವುದಿಲ್ಲ.

ಅಣ್ಣ ಒಂದು ಭಾನುವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಂಬರು ಏನೂ ಬದಲಾಗಿಲ್ಲ, ಈ ವಯಸ್ಸಿಗೆ ಇಂಥ ಕಣ್ಣು ಪುಣ್ಯ ಅಂದರಂತೆ ಡಾಕ್ಟರು. ಮನೆಯವರೆಲ್ಲ ಸಮಾಧಾನಪಟ್ಟರು. ಅಪ್ಪನ ಮುಖ ಮಾತ್ರ ಇನ್ನಷ್ಟು ಕಪ್ಪಿಟ್ಟಿತು.

“ಕಣ್ಣಲ್ಲ ಅಂದ್ರೆ ತಲೆ,” ಅಂದರು ಊಟಕ್ಕೆ ಕೂತಾಗ.

“ಏನು ಮಾತು ಅಂತ ಆಡ್ತೀರ,” ಅಮ್ಮ.

“ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು. ಮೊದಲು ಅಂಕಿ ಹೋಯ್ತು. ಆಮೇಲೆ ಬೀದಿ ಹೋಯ್ತು. ಕೊನೆಗೆ ಮಕ್ಕಳ ಮುಖ.”

ದೊಡ್ಡಪ್ಪನ ಕೊನೆಯ ವರ್ಷಗಳನ್ನು ಎಲ್ಲರೂ ನೋಡಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಮಗ ತನ್ನನ್ನೇ “ಯಾರಮ್ಮ ನೀವು” ಎಂದು ಕೇಳಿದ್ದನ್ನು ಕಂಡ ಅಜ್ಜಿ, ಬೇಳೆಯ ಬಟ್ಟಲನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸಿದಳು. ಅಷ್ಟು ಹೊತ್ತಿಗೆ ಮಷೀನು ಬಂದು ಅಮ್ಮನ ಕಾಲಿಗೆ ಡಿಕ್ಕಿ ಹೊಡೆಯಿತು.

“ಇದೊಂದು ಕಮ್ಮಿ ಇತ್ತು,” ಅಮ್ಮ ಅದನ್ನು ಕಾಲಿನಿಂದಲೇ ನೂಕಿದಳು. “ಇದು ಮನೆಗೆ ಬಂದ ಗಳಿಗೆಯಿಂದ ಒಂದೂ ನೆಟ್ಟಗಿಲ್ಲ.”

ಅತ್ತಿಗೆ ತಟ್ಟೆಯಿಂದ ತಲೆ ಎತ್ತಿದಳು. “ಮಾವ ಅಳತೆ ತಪ್ಪಿದ್ದಕ್ಕೂ ಇದಕ್ಕೂ ಏನು ಸಂಬಂಧ ಅತ್ತೆ? ಇದು ಅಂಗಡಿ ಹೊಸ್ತಿಲು ದಾಟಿಲ್ಲ. ಹಲಗೆ ಇಟ್ಟಿದೀನಿ.”

“ನಾನು ಗಳಿಗೆ ಮಾತು ಹೇಳಿದೆ.”

“ನಿಮ್ಮ ಮಂಡಿ ಊದಿಕೊಂಡಿರೋದು ನೋಡಿ ತಂದೆ. ನನಗೇನು ಆಡಕ್ಕೆ ಬೊಂಬೆ ಬೇಕಿತ್ತಾ?”

“ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ,” ಅಣ್ಣ ನಡುವೆ ಬಾಯಿ ಹಾಕಿದ. “ಅಪ್ಪನ ಮಾತು ಬಿಟ್ಟು ಎಲ್ಲಿಗೆ ಹೋದ್ರಿ ಇಬ್ರೂ?”

“ಎತ್ತು ಯಾರು, ಕೋಣ ಯಾರು, ಅದು ಹೇಳು ಮೊದಲು,” ಅಂದಳು ಅತ್ತಿಗೆ.

ಅಣ್ಣ ಸಾರಿನ ಪಾತ್ರೆಗೆ ಕೈ ಚಾಚಿದ. ಸೂಜಿ ತನ್ನ ತಟ್ಟೆಯಲ್ಲಿ ಅನ್ನವನ್ನು ಸಣ್ಣ ಸಣ್ಣ ಉಂಡೆ ಮಾಡುತ್ತಿದ್ದಳು. ಹಲಗೆ ಎಂಬ ಮಾತು ಬಂದಾಗ ಅವಳ ಕೈ ತಾನಾಗಿ ನಿಂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಅತ್ತಿಗೆ ತಣ್ಣಗಾಗಲೆಂದೋ ಏನೋ ಮಾವನ ಕಡೆ ತಿರುಗಿದಳು.

“ಮಾವ, ತಪ್ಪು ಎಲ್ಲರಿಗೂ ಆಗತ್ತೆ. ನಮ್ಮ ಲ್ಯಾಬಲ್ಲೂ ಆಗತ್ತೆ. ಒಂದೊಂದು ಸಲ ರಕ್ತದ ಸೀಸೆ ಮೇಲಿನ ಚೀಟಿ ಕಿತ್ತುಹೋಗಿರತ್ತೆ.”

“ಆಗ ಏನು ಮಾಡ್ತೀರ?” ಅಪ್ಪ ಕೇಳಿದರು.

“ಇನ್ನೊಂದು ಸಲ ಕರೆದು ರಕ್ತ ತಗೋತೀವಿ. ಬೈಸ್ಕೋತೀವಿ. ಆದ್ರೆ ಊಹೆ ಮಾಡಿ ಹೆಸರು ಬರೆಯಲ್ಲ. ಹಾಗೆ ಬರೆದೋರನ್ನ ಅವತ್ತೇ ಮನೆಗೆ ಕಳಿಸ್ತಾರೆ.”

ಸೂಜಿ ಎದ್ದು ಕೈ ತೊಳೆಯಲು ಹೋದಳು. ನಲ್ಲಿ ತಿರುಗಿಸಿ ಬಹಳ ಹೊತ್ತು ತೊಳೆದಳು.

ಡೈರಿಯಲ್ಲಿ ಆ ವಾರ ದಿನಕ್ಕೊಂದೇ ಸಾಲು: ನಾಳೆ ಹೇಳಬೇಕು. ಮಂಗಳವಾರ ಟೀ ತೆಗೆದುಕೊಂಡು ಹೋಗಿ ಅಪ್ಪನ ಪಕ್ಕ ನಿಂತಳು. ಅಪ್ಪ ತಲೆ ಎತ್ತಿ, “ಏನಮ್ಮ?” ಅಂದರು. ಅವಳು, “ಸಕ್ಕರೆ ಸಾಕಾ?” ಅಂದಳು. ಗುರುವಾರ ಅವರು ಮೇಜಿನ ಮೇಲೆ ಕೈಯೂರಿ ಸುಮ್ಮನೆ ನಿಂತಿದ್ದಾಗ ಹೋಗಿ, “ಅಪ್ಪಾ, ಆ ಚೀಟಿ…” ಅಂದಳು. “ಯಾವ ಚೀಟಿ?” ಎಂದು ಅವರು ಗಾಬರಿಯಲ್ಲಿ ಎಲ್ಲ ಗೂಡು ತಡಕಿದರು. “ಇನ್ನೂ ಒಂದು ತಪ್ಪಾಯ್ತಾ? ಯಾವುದು ಹೇಳು.” ಅದನ್ನು ನೋಡಲಾರದೆ, “ಇಲ್ಲ, ಚೀಟಿ ಪುಸ್ತಕ ಮುಗೀತಾ ಬಂತು, ಅಷ್ಟೇ,” ಎಂದು ಬಂದುಬಿಟ್ಟಳು.

ಅಜ್ಜಿ ನೋಡುತ್ತಿದ್ದಳು. ಮಧ್ಯಾಹ್ನ ಮೊಮ್ಮಗಳು ಮಷೀನನ್ನು ಬೋರಲು ಹಾಕಿಕೊಂಡು ಬ್ರಷ್ಷಿನ ಕೂದಲು ಬಿಡಿಸುತ್ತ ಕೂತಿದ್ದಾಗ ಬಂದು ಎದುರಿಗೆ ಕೂತಳು.

“ನಿಮ್ಮಪ್ಪ ಯಾವಾಗ ಮಾತಾಡಲ್ಲ ಗೊತ್ತಾ?”

“ಯಾವಾಗ?”

“ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಾಗ. ಕೋಟಿಗೆ ಚುಚ್ಚಕ್ಕೆ ಅಂತ ನಾಲ್ಕೈದು ತುಟಿಯಲ್ಲಿ ಹಿಡ್ಕೊಂಡಿರ್ತಾನಲ್ಲ. ಆಗ ಮನೆಗೆ ಬೆಂಕಿ ಬಿದ್ರೂ ಉಂ ಉಂ ಅಂತಾನೆ. ನಿನ್ನ ಬಾಯಲ್ಲೇನಿದೆ?”

“ಏನೂ ಇಲ್ಲ ಅಜ್ಜಿ.”

“ಏನೂ ಇಲ್ಲದಿದ್ರೆ ಒಳ್ಳೇದು.” ಅಜ್ಜಿ ಬ್ರಷ್ಷಿನಿಂದ ಒಂದು ಬೂದು ಎಳೆ ಬಿಡಿಸಿ, ಬೆರಳಿಗೆ ಸುತ್ತಿಕೊಂಡು ನೋಡಿದಳು. “ಇದ್ರೆ ಉಗುಳು. ನುಂಗಕ್ಕೆ ಹೋಗಬೇಡ. ಗುಂಡುಸೂಜಿ ನುಂಗಿ ಜೀರ್ಣಿಸಿಕೊಂಡೋರನ್ನ ನಾನು ನೋಡಿಲ್ಲ.”

ಎಳೆಯನ್ನು ಮೊಮ್ಮಗಳ ಅಂಗೈಯಲ್ಲಿಟ್ಟು, ಮಂಡಿ ಹಿಡಿದುಕೊಂಡು ಎದ್ದು ಹೋದಳು. ಆ ಮನೆಯಲ್ಲಿ ಆ ತಿಂಗಳು ಹೊಲಿದ ಬೂದು ಬಟ್ಟೆ ಹೆಡ್‌ಮಾಸ್ಟರ ಕೋಟೊಂದೇ.

*

ಶನಿವಾರ ಅತ್ತಿಗೆ ಮಷೀನನ್ನು ಡಬ್ಬಕ್ಕೆ ತುಂಬಿದಳು. ಯಾರೂ ಏನೂ ಅಂದಿರಲಿಲ್ಲ. ಬೆಳಿಗ್ಗೆ ಅಮ್ಮ ಮಂಡಿಯೂರಿ ನಡುಮನೆ ಒರೆಸುತ್ತಿದ್ದದ್ದು ನೋಡಿದಳು, ಅಷ್ಟೇ.

“ಅಕ್ಕನ ಮನೆಗೆ ಕೊಡ್ತೀನಿ,” ಅಂದಳು. “ಅಲ್ಲಿ ಇದಕ್ಕೆ ಗಳಿಗೆ ಕೂಡಿ ಬರಬಹುದು.”

“ನಾನು ಕೊಡು ಅಂದ್ನಾ?” ಅಮ್ಮ ನೆಲದಿಂದಲೇ ಕೇಳಿದಳು. ಏಳಲು ಹೋಗಿ ಆಗದೆ ಗೋಡೆ ಹಿಡಿದಳು. ಅತ್ತಿಗೆ ಡಬ್ಬ ಬಿಟ್ಟು ಬಂದು ತೋಳು ಕೊಟ್ಟಳು. ಅಮ್ಮ ತೋಳು ಹಿಡಿದಳು, ಮಾತು ಬಿಡಲಿಲ್ಲ. “ಇಟ್ಕೋ ಅಂತಾನೂ ಅನ್ನಲಿಲ್ಲ, ಅದು ಬೇರೆ.”

ಆ ಡಬ್ಬ ಬಾಗಿಲ ಬಳಿ ಎರಡು ದಿನ ಹಾಗೇ ಕೂತಿತ್ತು. ಸೂಜಿ ಅದನ್ನು ದಾಟಿಕೊಂಡು ಓಡಾಡಿದಳು. ಮೈಯೆಲ್ಲ ಮುಳ್ಳಾದಂತೆ ಎಲ್ಲೂ ಕೂರಲಾಗಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದಳು, ಹಿತ್ತಲಿಗೆ ಹೋಗಿ ಒಣಗಿರದ ಬಟ್ಟೆ ಮುಟ್ಟಿ ಬಂದಳು, ಗುಂಡಿ ಡಬ್ಬಿ ಸುರಿದು ಬಣ್ಣಬಣ್ಣ ಬೇರೆ ಮಾಡಿ ಮತ್ತೆ ಒಟ್ಟಿಗೇ ಹಾಕಿದಳು.

ಸೋಮವಾರ ಬೆಳಿಗ್ಗೆ ಎಲ್ಲರೂ ಟೀಗೆ ಕೂತಿದ್ದಾಗ ಅಪ್ಪ ಒಂದು ದಪ್ಪ ರಟ್ಟು ಹಿಡಿದುಕೊಂಡು ಬಂದರು. ಗಡ್ಡ ಹೆರೆದು, ಒಳ್ಳೆಯ ಅಂಗಿ ಹಾಕಿದ್ದರು.

“ಒಂದು ಬೋರ್ಡು ಬರೆದುಕೊಡಮ್ಮ,” ಅಂದರು ಮಗಳಿಗೆ. “ಅಂಗಡಿ ಬಾಗಿಲಿಗೆ. ನನ್ನ ಕೈ ಈಗೀಗ ಅಲುಗತ್ತೆ.”

“ಏನಂತ?” ಅಣ್ಣ ಕೇಳಿದ.

“ಹೊಸ ಹೊಲಿಗೆ ತಗೊಳ್ಳಲ್ಲ ಅಂತ. ಒಪ್ಪಿಕೊಂಡಿರೋದು ಮುಗಿಸಿಕೊಡ್ತೀನಿ. ಮೇಜು ಕೇಳಿದೋರಿದ್ದಾರೆ, ನಾಳೆ ಬಂದು ನೋಡ್ತಾರೆ.”

ಅಮ್ಮನ ಕೈಯಲ್ಲಿದ್ದ ಟೀ ಸೋಸುವ ಜರಡಿ ಪಾತ್ರೆಗೆ ತಾಗಿ ಸದ್ದಾಯಿತು. “ಯಾರನ್ನ ಕೇಳಿ ಮಾಡಿದ್ರಿ ಇದನ್ನ?”

“ಕೇಳೋದೇನಿದೆ. ಒಬ್ಬರ ಬಟ್ಟೆ ಹಾಳು ಮಾಡಿದೆ, ಅವರು ದೊಡ್ಡ ಮನುಷ್ಯರು, ನಕ್ಕರು. ಮುಂದಿನವರು ನಗಲ್ಲ.”

“ಸುಮ್ಮನೆ ಒಂದು ತಿಂಗಳು ರೆಸ್ಟ್ ತಗೊಳ್ಳಿ ಮಾವ,” ಅಂದಳು ಅತ್ತಿಗೆ. “ಮೇಜು ಯಾಕೆ ಕೊಡ್ತೀರ?”

“ಮೇಜು ಕಣ್ಣ ಮುಂದೆ ಇದ್ರೆ ಕೈ ಸುಮ್ಮನಿರಲ್ಲಮ್ಮ.”

ಅಜ್ಜಿ ತನ್ನ ಕಪ್ಪನ್ನು ಕೆಳಗಿಟ್ಟು ಮೊಮ್ಮಗಳನ್ನೇ ನೋಡುತ್ತ ಕೂತಳು.

ಸೂಜಿ ರಟ್ಟನ್ನು ನೆಲದ ಮೇಲಿಟ್ಟುಕೊಂಡು ದಪ್ಪ ಮಸಿಯ ಪೆನ್ನಿನ ಮುಚ್ಚಳ ತೆಗೆದಳು. ಅಪ್ಪ ಪಕ್ಕದಲ್ಲಿ ನಿಂತು ಹೇಳುತ್ತ ಹೋದರು. ಗ್ರಾಹಕರ ಗಮನಕ್ಕೆ. ಇನ್ನು ಮುಂದೆ ಹೊಸ ಹೊಲಿಗೆ ತೆಗೆದುಕೊಳ್ಳುವುದಿಲ್ಲ. ಅವಳು ಬರೆದಳು. ಅಕ್ಷರ ಒಂದೂ ಓರೆಯಾಗಲಿಲ್ಲ.

“ಕೆಳಗೆ ಇನ್ನೊಂದು ಸಾಲು ಬರಿ. ನಲವತ್ತು ವರ್ಷ ನಂಬಿ ಬಟ್ಟೆ ಕೊಟ್ಟ ಎಲ್ಲರಿಗೂ ನಮಸ್ಕಾರ.” ಅಪ್ಪನ ದನಿ ಸ್ವಲ್ಪ ಜಾರಿತು. ಕೆಮ್ಮಿ ಸರಿ ಮಾಡಿಕೊಂಡರು. “ನಲವತ್ತು ಅಂಕಿಯಲ್ಲೇ ಬರಿ. ಬೀದಿಯಿಂದ ಕಾಣಬೇಕು.”

ಅವಳು ನಾಲ್ಕು ಬರೆದಳು. ಮೇಲೆ ಬಾಯಿ ತೆರೆದುಕೊಂಡಿತು. ಪಕ್ಕದಲ್ಲಿ ಸೊನ್ನೆ ಸುತ್ತಿದಳು. ಕೊನೆಯಲ್ಲಿ, ಅವಳು ಬೇಡವೆಂದರೂ, ಪುಟ್ಟ ಬಾಲ ಬಂದುಬಿಟ್ಟಿತು.

ಅಪ್ಪ ಬಗ್ಗಿ ನೋಡಿದರು. ಎಷ್ಟೋ ದಿನದ ಮೇಲೆ ತುಟಿಯಲ್ಲಿ ಸಣ್ಣ ನಗು ಬಂತು.

“ನೋಡೇ,” ಅಂದರು ಅಮ್ಮನಿಗೆ, “ಥೇಟ್ ನನ್ನ ಕೈಯೇ. ಎದುರಿಗೆ ಬರೆಯೋದು ನೋಡದೇ ಇದ್ದಿದ್ರೆ ಇದನ್ನೂ ನಾನೇ ಬರೆದೆ ಅಂದ್ಕೋತಿದ್ದೆ.”

ಪೆನ್ನು ಅವಳ ಬೆರಳಿನಿಂದ ಜಾರಿ ರಟ್ಟಿನ ಮೇಲೆ ಒಂದು ಕಪ್ಪು ಗೆರೆ ಎಳೆದುಕೊಂಡು ಉರುಳಿತು. ಐದು ಜನ ಅವಳನ್ನೇ ನೋಡುತ್ತಿದ್ದರು. ಬಾಗಿಲ ಬಳಿ ಡಬ್ಬದೊಳಗಿಂದ ಮಷೀನು, ಚಾರ್ಜು ಮುಗಿಯಿತೆಂದೋ ಏನೋ, ಒಂದು ಸಲ ತನ್ನ ಪರಭಾಷೆಯಲ್ಲಿ ಏನೋ ಹೇಳಿ ಸುಮ್ಮನಾಯಿತು. ಅವಳು ತಲೆ ಎತ್ತಿದಳು. ಮಾತು ಅವಳು ಎಣಿಸಿದ್ದಕ್ಕಿಂತ ಜೋರಾಗಿ, ಮನೆಯ ಮೂಲೆಮೂಲೆಗೂ ಕೇಳುವ ಹಾಗೆ ಬಂತು.

“ಹೆಡ್‌ಮಾಸ್ಟರ ಚೀಟಿಯಲ್ಲಿದ್ದ ನಲವತ್ತನ್ನೂ ನಾನೇ ಬರೆದಿದ್ದು, ಅಪ್ಪಾ.”